ಗಸಗಸೆಯಷ್ಟು ಸಿಗಡಿಯ ಕಣ್ಣು

ಕಣ್ಣಿಗೆ ಕಾಣದ ವಸ್ತುವಿನ ಬೆನ್ನು ಹತ್ತಿದವರ ಮರ್ಯಾದೆ ಮಾತ್ರ ಎಲ್ಲರ ಕಣ್ಣಿಗೂ ಕಾಣುವ ಹಾಗೆ ಹೋಗುತ್ತಲೇ ಇರುತ್ತದೆ. ತೊಂಬತ್ತರ ದಶಕದಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದದ್ದು ಲಕ್ಷಾಂತರ ವರ್ಷಗಳ ಹಿಂದೆ ಕಲ್ಲಾದ, ಗಸಗಸೆ ಕಾಳಿನಷ್ಟಿರುವ, ಸಿಗಡಿ ಜಾತಿಯ ಜೀವಿಗಳ ಕಣ್ಣಿನ ಮೇಲೆ.

೧. ಬಾಡಿಗೆ ರೂಮು

ಕಾಕ್ಸ್ ಟೌನಿನಲ್ಲಿ ನನಗೆ ರೂಮು ಕೊಟ್ಟ ಓನರಮ್ಮ ಪಕ್ಕಾ ಸಸ್ಯಾಹಾರಿ. ನನ್ನ ಕೆಲಸ ಏನೆಂದು ಕೇಳಿದ್ದೇ ಹುಬ್ಬು ಗಂಟಿಕ್ಕಿದರು.

"ಸಿಗಡೀನಾ? ನಮ್ಮನೇಲಿ ಅದೆಲ್ಲ ನಡೆಯಲ್ಲಮ್ಮ."

"ಆಂಟಿ, ಅದು ಸತ್ತು ಲಕ್ಷಾಂತರ ವರ್ಷ ಆಯ್ತು. ಈಗ ಬರೀ ಕಲ್ಲು."

"ಹಂಗಾದ್ರೆ ಸರಿ. ಆದ್ರೆ ಅಡುಗೆಮನೆಗೆ ಮಾತ್ರ ತರಬೇಡ."

೨. ಕನ್ನಡಕ

ಮೈಕ್ರೋಸ್ಕೋಪಿನಲ್ಲಿ ಇಣುಕಿ ಇಣುಕಿ ತಲೆನೋವು ಶುರುವಾಯಿತು. ಶಿವಾಜಿನಗರದ ಕನ್ನಡಕದ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರಿಗೆ ನನ್ನ ಕೆಲಸದ ಕಥೆಯನ್ನೆಲ್ಲ ಹೇಳಬೇಕಾಯಿತು.

"ಅದಕ್ಕೆ ಕಣ್ಣು ಚೆನ್ನಾಗಿ ಕಾಣ್ತಿತ್ತಾ ಮೇಡಂ?"

"ಬೆಳಕು, ಕತ್ತಲೆ ಗೊತ್ತಾಗ್ತಿತ್ತೇನೋ, ಅಷ್ಟೇ."

"ಯಾ ಅಲ್ಲಾ! ಪೇಷೆಂಟ್ ಅದು, ಕನ್ನಡಕ ಬಂದಿದ್ದು ಡಾಕ್ಟರ್‌ಗೆ!"

೩. ಬ್ರಷ್ಷು

ಕಾಳಿನಷ್ಟಿರುವ ಈ ಕಲ್ಲಾದ ಚಿಪ್ಪುಗಳನ್ನು ಎತ್ತುವುದು ಸಣ್ಣ ಬ್ರಷ್ಷಿನ ತುದಿಯಿಂದ. ತುದಿ ಚೂಪಾಗಲಿ ಎಂದು ಅದನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುವುದು ನಮ್ಮ ಕಸುಬಿನ ಕೆಟ್ಟ ಚಾಳಿ.

ನೂರಾರು ಚಿಪ್ಪು ನೋಡಿದ ಮೇಲೆ, ಎರಡೂ ಕಣ್ಣು ಸರಿಯಾಗಿ ಉಳಿದದ್ದು ಒಂದೇ ಒಂದು ಸಿಕ್ಕಿತ್ತು. ನನ್ನ ಥೀಸಿಸ್ ನಿಂತಿದ್ದೇ ಅದರ ಮೇಲೆ. ಡಿಪಾರ್ಟ್‌ಮೆಂಟಿನ ಹಳೇ ಮೈಕ್ರೋಸ್ಕೋಪು ನನ್ನ ರೂಮಿನಲ್ಲೇ ಇದ್ದುದರಿಂದ, ಭಾನುವಾರ ಗೈಡು ಅಲ್ಲಿಗೇ ಬಂದು ನೋಡುವುದೆಂದಾಯಿತು.

ಗೇಟಿನಲ್ಲಿ ಅವರ ಸ್ಕೂಟರಿನ ಸದ್ದು ಕೇಳಿದಾಗ ನಾನು ಅದನ್ನು ಬ್ರಷ್ಷಿನಿಂದ ಎತ್ತುತ್ತಿದ್ದೆ. ಗಾಬರಿಯಲ್ಲಿ ಕೈ ತನ್ನಷ್ಟಕ್ಕೆ ಬ್ರಷ್ಷನ್ನು ನಾಲಿಗೆಗೆ ಒಯ್ದಿತು. ಗುಟುಕ್ಕೆಂದು ಉಗುಳು ನುಂಗಿದೆ. ಬ್ರಷ್ಷು ನೋಡಿದರೆ ಖಾಲಿ. ಒಳಗೆ ಬಂದ ಗೈಡಿಗೆ ಅಳುತ್ತಲೇ ನಡೆದದ್ದು ಹೇಳಿದೆ.

"ಫೋಟೋ ಆದ್ರೂ ತೆಗೆದಿದ್ಯೇನಮ್ಮ?" ಎಂದರು ಗೈಡು.

"ಇಲ್ಲ ಸರ್."

ಅವರು ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ಮೆಲ್ಲಗೆ ಹೇಳಿದರು: "ನಾನೂ ಒಂದು ನುಂಗಿದ್ದೆ. ಇದುವರೆಗೆ ಯಾರಿಗೂ ಹೇಳಿಲ್ಲ. ನಾಳೆಯಿಂದ ಮತ್ತೆ ಹುಡುಕು."

ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಬಾಗಿಲ ಹತ್ತಿರ ಲೋಟದ ಸದ್ದಾಯಿತು. ಕಾಫಿ ತಂದ ಓನರಮ್ಮ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದರು.

"ನೋಡಿ ಸಾರ್," ಎಂದರು ಗೈಡಿಗೆ, "ಅಡುಗೆಮನೆಗೆ ತರಬೇಡ ಅಂದಿದ್ದಕ್ಕೆ ರೂಮಲ್ಲೇ ಹಸೀದು ತಿಂದ್ಬಿಟ್ಲು!"