ಗುಡಗೇರಿಯ ಗೋಡೆ ತೊಳೆದ ದೀಪಾವಳಿ

ಊರು ತೊಳೆಯುವ ಕೆಲಸಕ್ಕೆ ಇಳಿದವರು ನಗಲಿಕ್ಕೆ ನಾಟಕ ನೋಡಬೇಕಾಗಿಲ್ಲ. ಗೋಡೆಗೆ ಒಂದು ಕೊಡ ನೀರು ಎರಚಿದರೆ ಸಾಕು, ಒಳಗಿದ್ದ ಮನುಷ್ಯ ಹೊರಗೆ ಬಂದೇ ಬರುತ್ತಾನೆ.

ಎಂಬತ್ತರ ದಶಕದ ಮಾತು. ದೀಪಾವಳಿ ಹತ್ತಿರ ಬಂತೆಂದರೆ ಗುಡಗೇರಿ ಪೇಟೆಯ ಗೋಡೆಗಳನ್ನೂ, ಬಿಸಿಲಿಗೆಂದು ಅಂಗಡಿ ಮುಂದೆ ಕಟ್ಟುವ ದಪ್ಪ ಬಟ್ಟೆಯ ಚಪ್ಪರಗಳನ್ನೂ ತೊಳೆಯುತ್ತಿದ್ದವರು ನಾವು ನಾಲ್ವರು ಹೆಂಗಸರು. ಅಂಗಡಿಕಾರರು ನಮಗೆ ಕೊಡುತ್ತಿದ್ದದ್ದು ಕಾಸ್ಟಿಕ್ ಸೋಡಾ. ಅದು ಜಿಡ್ಡನ್ನೂ ತೆಗೆಯುತ್ತದೆ, ಚರ್ಮವನ್ನೂ ತೆಗೆಯುತ್ತದೆ. ನಮ್ಮಲ್ಲಿ ಸಣ್ಣವಳು ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಆ ವರ್ಷ ಅವಳ ಅಂಗೈ ಸುಲಿದು ರೊಟ್ಟಿ ಬಡಿಯಲಾಗಲಿಲ್ಲ. ‘ಕೈ ಇಲ್ಲದ ಸೊಸಿ ನಮಗ್ಯಾಕ?’ ಎಂದು ಅತ್ತೆ ಅವಳನ್ನು ತವರಿಗೆ ಅಟ್ಟುವ ಮಾತೆತ್ತಿದಳು.

ನನಗೆ ಸಿಟ್ಟು ಬಂತು. ನಾನು ಶಾಲೆ ಕಂಡವಳಲ್ಲ, ಗೋಡೆ ಮೇಲಿನ ಜಾಹೀರಾತು ಓದಿ ಅಕ್ಷರ ಕಲಿತವಳು. ಸೋಡಾ ಡಬ್ಬಿಯ ಮೇಲೆ ‘ಕೈಗೆ ತಾಗಿಸಬಾರದು’ ಎಂದೇ ಬರೆದಿತ್ತು. ಅದನ್ನು ಪೇಟೆಗೆಲ್ಲ ಕೇಳುವಂತೆ ಓದಿ ಹೇಳಿದೆ. ತೊಳೆಯಲಿಕ್ಕೆ ಸಾಬೂನಿನ ನೀರು ಕೊಡಿ. ಸೋಡಾನೇ ಬೇಕೆಂದರೆ ರಬ್ಬರಿನ ಕೈಗವಸು ಕೊಡಿ. ಇಲ್ಲವೆಂದರೆ ನಿಮ್ಮ ಕೊಳೆ ನಿಮಗೇ ಇರಲಿ.

ಮುಖಂಡರ ಗೋಡೆ

ಮೊದಲು ಒಪ್ಪಿದವರು ಊರಿನ ಒಬ್ಬ ಮುಖಂಡರು. ಒಪ್ಪಿದ್ದೂ ಹಂಗಿಸಲಿಕ್ಕೇ.

‘ಸಾಬೂನಿನ ನೀರಿಗಿ ಏನ್ ಹೋಗತೈತಿ ಬೇ? ನೊಣಾನೂ ಏಳೂದಿಲ್ಲ. ತೊಳೀರಿ, ನೋಡೇ ಬಿಡೂಣು!’

ತೊಳೆದೆವು. ಮೆತ್ತಗಿನ ಬ್ರಷ್ ಆಡಿಸುತ್ತಿದ್ದಂತೆ ಹಳೆಯ ಸುಣ್ಣ ಹಪ್ಪಳದಂತೆ ಎದ್ದು ಬಂತು. ಅದರ ಕೆಳಗೆ ಹಿಂದಿನ ಚುನಾವಣೆಯ ಗುರುತು ಕಂಡಿತು. ಮುಖಂಡರು ಹಿಂದಿನ ದಿನವಷ್ಟೇ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೈದಿದ್ದ ಪಕ್ಷದ್ದು. ಅದನ್ನು ಉಜ್ಜಿದರೆ ಅದರಡಿಯಲ್ಲಿ ಇನ್ನೊಂದು ಪಕ್ಷದ್ದು. ಸಂತೆಗೆ ಬಂದವರೆಲ್ಲ ಚೀಲ ಇಳಿಸಿ ನಿಂತರು. ಮುಖಂಡರು ಟವೆಲ್ ಹಿಡಿದು ಓಡಿ ಬಂದರು.

‘ಸಾಕ್ ಸಾಕ್, ನಿಲ್ಲಸ್ರಿ! ಇನ್ನೊಂದ್ ಕೊಡ ಹಾಕಿದ್ರ ನಮ್ಮಪ್ಪ ಯಾರಿಗಿ ವೋಟ್ ಹಾಕಿದ್ದ ಅನ್ನೂದೂ ಬರತೈತಿ!’

ಚಹಾದಂಗಡಿಯ ಹೊಗೆ

ಸಾಬೂನಿನ ಶಕ್ತಿ ಊರಿಗೆ ಗೊತ್ತಾಯಿತು. ಆದರೂ ಚಹಾದಂಗಡಿಯವನು ನಮ್ಮನ್ನು ಕರೆಯಲಿಲ್ಲ. ‘ನಿಮ್ಮ ಗ್ಲೌಸಿನ ರಗಳಿ ಬ್ಯಾಡ, ನಂದು ನಾನ ತೊಳಕೋತೀನಿ’ ಎಂದ. ಒಂದು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿಟ್ಟು, ಪಾಯಖಾನೆಗೆ ಹಾಕುವ ಆ್ಯಸಿಡ್ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದ. ನಾನು ಬೀದಿಯಿಂದಲೇ ಕೂಗಿದೆ.

‘ಕಾಕಾ, ಅವೆರಡೂ ಕೂಡಸಬ್ಯಾಡ್ರಿ! ವಿಷದ ಹೊಗಿ ಏಳತೈತಿ!’

‘ಒಂದೊಂದರ ತಾಕತ್ತ ಇಷ್ಟೈತಿ ಅಂದ್ರ, ಎರಡೂ ಕೂಡಿದ್ರ ಎಷ್ಟಿರಬಾರದು!’ ಎಂದವನೇ ಸುರಿದ.

ಮರುಕ್ಷಣ ಅಂಗಡಿಯೊಳಗಿದ್ದವರೆಲ್ಲ ಕೆಮ್ಮುತ್ತ, ಕಣ್ಣುಜ್ಜುತ್ತ ಬೀದಿಗೆ ಬಿದ್ದರು. ಅವನನ್ನೂ ರಟ್ಟೆ ಹಿಡಿದು ಎಳೆದು ತಂದು, ಗಾಳಿಗೆ ಕೂರಿಸಿ, ಕಣ್ಣಿಗೆ ತಣ್ಣೀರು ಹಾಕಿದೆವು. ಹೊಗೆ ಪೂರಾ ಇಳಿಯುವ ತನಕ ಯಾರನ್ನೂ ಒಳಗೆ ಬಿಡಲಿಲ್ಲ. ಉಸಿರು ತಿರುಗಿದ ಮೇಲೆ ಅವನು ಖಾಲಿ ಬೆಂಚುಗಳನ್ನು ಬಹಳ ಹೊತ್ತು ನೋಡಿದ. ಒಂದೇ ಕಪ್ಪು ಚಹಾ ಕುಡಿದು ಮುಂಜಾನೆಯಿಂದ ಸಂಜೆತನಕ ಇಸ್ಪೀಟು ಆಡುತ್ತಿದ್ದವರೂ ಎದ್ದು ಓಡಿದ್ದರು.

‘ಅಕ್ಕಾ,’ ಎಂದ ಮೆಲ್ಲಗೆ, ‘ಇದನ್ನ ವಾರಕ್ಕೊಮ್ಮಿ ಮಾಡೂಣೇನು?’

ಬೆಣ್ಣೆಯಂಥ ನೀರು

ಉಳಿದ ಅಂಗಡಿಕಾರರೆಲ್ಲ ಬಟ್ಟೆ ಅಂಗಡಿಯ ಸಾಹುಕಾರರ ಮುಖ ನೋಡುತ್ತಿದ್ದರು. ಅವರು ಕೈಗವಸು ಕೊಟ್ಟರೆ ಎಲ್ಲರೂ ಕೊಡುವವರು. ನಾವು ಹೋಗಿ ಅವರ ಅಂಗಡಿ ಮುಂದೆ ಕೂತೆವು. ಮೇಲೆ ಅವರ ಚಪ್ಪರ ಪಾರಿವಾಳದ ಹಿಕ್ಕೆಯಿಂದ ತುಂಬಿಹೋಗಿತ್ತು.

‘ತೊಳಿಯಾವ್ರಿಗಿ ಗ್ಲೌಸ್! ನಾಳಿ ಬೂಟೂ ಕೇಳ್ತೀರಿ!’ ಎಂದರು ಸಾಹುಕಾರರು.

‘ಬೂಟೂ ಬೇಕ್ರಿ. ಛಲೋ ನೆನಪ ಮಾಡಿದ್ರಿ,’ ಎಂದೆ.

ಬೀದಿ ನಕ್ಕಿತು. ಅವರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಸೋಡಾ ಕಲಸಿದ ಬಕೆಟ್ ತರಿಸಿ ಅಂಗಿ ತೋಳು ಮಡಚಿದರು. ‘ಬ್ಯಾಡ್ರಿ, ಸುಡತೈತ್ರಿ,’ ಎಂದು ನಾನು ಅಡ್ಡ ಹೋದೆ. ನನ್ನನ್ನು ಸರಿಸಿ ಎರಡೂ ಕೈ ಮುಳುಗಿಸಿ ಜನರ ಕಡೆ ತಿರುಗಿದರು.

‘ನೋಡ್ರಿ, ಏನಾತು? ಅಗದಿ ಮೆತ್ತಗ ಐತಿ, ಬೆಣ್ಣಿ ಮುಟ್ಟಿದಂಗ!’

‘ಆ ಬೆಣ್ಣಿ ನಿಮ್ಮ ಚರ್ಮದ್ರಿ!’ ಎಂದು ಕೈ ಹೊರಗೆ ಎಳೆದು, ಕೊಡದ ಮೇಲೆ ಕೊಡ ನೀರು ಸುರಿದೆವು. ಅಷ್ಟರಲ್ಲಿ ಸಾಹುಕಾರರು ಬೆಣ್ಣೆಯ ಮಾತು ಬಿಟ್ಟು ಅವ್ವನನ್ನು ಕರೆಯುತ್ತಿದ್ದರು.

ತೀರ್ಥ

ಮರುದಿನ ಹುಬ್ಬಳ್ಳಿ ಬಸ್ಸಿಗೆ ಕೈಗವಸುಗಳು ಬಂದವು, ಕೆಂಪು ರಬ್ಬರಿನವು. ನಮಗೆ ತಲಾ ಒಂದು ಜೋಡಿ, ಸಾಹುಕಾರರಿಗೊಂದು ಜೋಡಿ. ಬ್ಯಾಂಡೇಜಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರಂತೆ. ಉಳಿದ ಅಂಗಡಿಕಾರರೂ ಬಾಯಿ ಮುಚ್ಚಿಕೊಂಡು ಸಾಬೂನು ತಂದಿಟ್ಟರು.

ಸಾಹುಕಾರರ ಚಪ್ಪರವನ್ನು ಇಳಿಸಿ, ಮೊದಲು ಒಂದು ಮೂಲೆಗೆ ಸಾಬೂನಿನ ನೀರು ಹಾಕಿ ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡು, ಆಮೇಲೆ ಪೂರಾ ತೊಳೆದೆವು. ಎರಡೂ ಮಗ್ಗುಲು ಬಿಸಿಲಿಗೆ ಒಣಗಿಸಿಯೇ ಕಟ್ಟಿದೆವು. ಹಬ್ಬದ ಹೊತ್ತಿಗೆ ಸೊಸೆಯ ಅಂಗೈಗೆ ಹೊಸ ಚರ್ಮ ಬಂದಿತ್ತು. ಅತ್ತೆ ಆ ಕೈಗವಸುಗಳನ್ನು ತಾನೇ ಒರೆಸಿ ದೇವರ ಗೂಡಿನಲ್ಲಿ ಇಡುತ್ತಿದ್ದಳು. ತವರಿನ ಮಾತು ನಿಂತಿತ್ತು.

ಅಂಗಡಿ ಪೂಜೆ ಬಂತು. ಸಾಹುಕಾರರು ರೇಷ್ಮೆ ಮಡಿಯುಟ್ಟು, ಕೆಂಪು ರಬ್ಬರಿನ ಕೈ ಮುಂದೆ ಚಾಚಿ ನಿಂತರು. ತೀರ್ಥದ ಉದ್ಧರಣೆ ಹಿಡಿದ ಪೂಜಾರಿಯ ಕೈ ಗಾಳಿಯಲ್ಲೇ ನಿಂತಿತು.

‘ಸಾಹುಕಾರ್ರ, ಇದು ಶಾಸ್ತ್ರದಾಗ ಇಲ್ರಿ.’

‘ಆ ಶಾಸ್ತ್ರ ಬರದಾಂವ ಸೋಡಾದಾಗ ಕೈ ಅದ್ದಿರಲಿಲ್ರಿ! ಹಾಕ್ರಿ ತೀರ್ಥ!’

ಪೂಜಾರಿ ಹಾಕಿದ. ಸಾಹುಕಾರರು ರಬ್ಬರ್ ವಾಸನೆಗೆ ಮೂಗು ಮುರಿದು ಕುಡಿದರು. ಅವರ ಹಿಂದೆ ನಮ್ಮ ಜೊತೆ ನಿಂತಿದ್ದ ಸಣ್ಣ ಸೊಸೆ ಬರಿಗೈ ಚಾಚಿದಳು.

‘ನಿನ್ನ ಗ್ಲೌಸ್ ಎಲ್ಲೆವ ತಂಗಿ?’ ಎಂದ ಪೂಜಾರಿ.

‘ನಮ್ಮವು ಕೆಲಸಕ್ಕ ಅಷ್ಟರಿ,’ ಎಂದಳು ಅವಳು. ‘ಪೂಜಾಕ್ಕ ಹಾಕ್ಕೊಳ್ಳಾಕ ನಾವೇನ್ ಸಾಹುಕಾರ್ರೇನ್ರಿ?’