ಹಿಂದಕ್ಕೆ ನಡೆದ ಸಿನಿಮಾ

ನೆನಪನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದಿದ್ದರಿಂದ ಆದ ಲಾಭ ಇಷ್ಟೇ: ಬೇರೆಯವರ ಮಾತಿನಂತೆ ನನ್ನ ಮಾತನ್ನೂ ಸಂಶಯದಿಂದ ನೋಡುವುದು ಅಭ್ಯಾಸವಾಗಿದೆ. ಅದಕ್ಕೇ ಡೈರಿ ಬರೆಯುತ್ತೇನೆ. ನಮ್ಮ ಮದುವೆಯ ದಿನ ಮಳೆ ಬಂದಿತ್ತೆಂದು ನಾನು, ಇಲ್ಲವೆಂದು ಹೆಂಡತಿ ಇಂದಿಗೂ ವಾದಿಸುತ್ತೇವೆ. ಅದೊಂದು ದಿನ ಬರೆಯಲು ಪುರುಸೊತ್ತಾಗಿರಲಿಲ್ಲ. ಇಷ್ಟು ಎಚ್ಚರವಿದ್ದೂ, ಕುಲಶೇಖರದ ನಮ್ಮ ಓಣಿಯಲ್ಲಿ ಶಂಕ್ರವ್ವ ಮನೆಯ ಒಳಗೆ ಹೋದದ್ದನ್ನು ಕಣ್ಣಾರೆ ಕಂಡ ನನಗೆ, ಅವರು ಹೊರಗೆ ಬಂದಂತೆಯೇ ನೆನಪಾಗುತ್ತದೆ. ತಪ್ಪು ನನ್ನದಲ್ಲ, ಸಿನಿಮಾದ್ದು.

ಶಂಕ್ರವ್ವ ಬಾಗಲಕೋಟೆ ಕಡೆಯವರು. ಮಗನ ಕಾಂಕ್ರೀಟ್ ಕೆಲಸದ ಬೆನ್ನಿಗೆ ಬಂದು, ಓಣಿಯ ತುದಿಯ ಹಂಚಿನ ಮನೆಯಲ್ಲಿ ಬಾಡಿಗೆಗೆ ನೆಲೆಸಿ, ಮೊಮ್ಮಕ್ಕಳು ತುಳುವಿನಲ್ಲಿ ಜಗಳವಾಡುವಷ್ಟು ಕಾಲವಾಗಿತ್ತು. ಎದುರಿನ ಖಾಲಿ ಜಾಗದಲ್ಲಿ ನಮ್ಮ ಫ್ಲ್ಯಾಟು ಎದ್ದಿತು. ಕಾಂಕ್ರೀಟ್ ಹಾಕಿದ್ದು ಅವರ ಮಗನೇ. ನಮ್ಮಂಥವರು ಬಂದದ್ದರಿಂದ ಓಣಿಗೆ ಬೆಲೆ ಬಂತು. ಬೆಲೆ ಬಂದದ್ದರಿಂದ ಹಂಚಿನ ಮನೆಯ ಯಜಮಾನರನ್ನು ಹುಡುಕಿಕೊಂಡು ಬಿಲ್ಡರ್ ಬಂದ. ಮನೆ ಖಾಲಿ ಮಾಡಿ ಎಂದು ಹೇಳಿಯೂ ಆಯಿತು.

ಅನಿತಾ ಎಂಬ ಹುಡುಗಿ ಸಿನಿಮಾ ತೆಗೆಯಲು ಬಂದದ್ದು ಅದೇ ಹೊತ್ತಿಗೆ. ವಲಸೆ ಬಂದ ಸಂಸಾರವೊಂದು ದೊಡ್ಡ ಕಟ್ಟಡಗಳ ನಡುವೆ ಮನೆ ಕಳೆದುಕೊಳ್ಳುವ ಕಥೆ. ನಟರನ್ನು ತರಲು ದುಡ್ಡಿಲ್ಲದೆ ಶಂಕ್ರವ್ವನೇ ಶಂಕ್ರವ್ವನಾದರು. ರೊಟ್ಟಿ ತಟ್ಟಿದರು, ಬೈದರು, ಅತ್ತರು. ಕೊನೆಯ ದೃಶ್ಯದಲ್ಲಿ ಗಂಟು ಹೊತ್ತು ಹೊಸ್ತಿಲು ದಾಟಬೇಕು ಎಂದಾಗ ಮಾತ್ರ ಕೂತುಬಿಟ್ಟರು.

"ಗಂಟು ಹೊತ್ಕೊಂಡು ಸುಳ್ಳ ಸುಳ್ಳ ಮನಿ ಬಿಡಬಾರ್ದವಾ. ನಾ ಒಲ್ಲೆ."

"ಅಜ್ಜಿ, ಇದು ನಾಟಕ ಅಲ್ವಾ?"

"ನಾಟಕ ಅಂತ ನಮಗ ಗೊತ್ತೈತಿ. ಮನಿಗೇನ್ ಗೊತ್ತು?"

ಅನಿತಾ ಅಂಗಳದಲ್ಲಿ ಚೆಂಬು ನೀರು ಚೆಲ್ಲಿ, ಮೊಬೈಲಿನಲ್ಲಿ ಹಿಡಿದು, ಉಲ್ಟಾ ಓಡಿಸಿ ತೋರಿಸಿದಳು.

"ಅಯ್ಯ ಶಿವನ! ಚೆಲ್ಲಿದ ನೀರು ತಿರುಗಿ ಬಂತಲ್ಲವಾ!"

"ಹಾಗೇ ಅಜ್ಜಿ. ನೀವು ಹೊರಗೆ ಬರುವುದೇ ಬೇಡ. ಹಿಮ್ಮುಖ ನಡೆದು ಒಳಗೆ ಹೋಗಿ. ನಾನು ಉಲ್ಟಾ ತೋರಿಸ್ತೇನೆ."

"ಒಳಗ ಹೋಗಾಕ ನಂದೇನ ತಕರಾರಿಲ್ಲ."

ಗಂಟನ್ನು ಅಂಗಳದಲ್ಲೇ ಅನಿತಾಳ ಬೆಡ್‌ಶೀಟಿನಲ್ಲಿ ಕಟ್ಟಿದರು. ತರಕಾರಿ ಚೀಲ ಹಿಡಿದ ದಾರಿಹೋಕನ ಪಾತ್ರ ನನಗೆ. "ಸರ್, ನೀವೂ ಹಿಂದೆ ಹಿಂದೆಯೇ ನಡೀಬೇಕು, ಮರೀಬೇಡಿ ಮಾರಾಯ್ರೆ" ಎಂದಳು ಅನಿತಾ. ತಲೆಯ ಮೇಲೆ ಗಂಟು, ಹಿಮ್ಮಡಿಯಿಂದಲೇ ಹೊಸ್ತಿಲನ್ನು ತಡವಿ ಒಳಗೆ ಸರಿದ ಶಂಕ್ರವ್ವ. ಆ ಹೆಜ್ಜೆಗಳನ್ನು ನೋಡುತ್ತ ನಾನು ಬೆರಗಾಗಿ, ಎಂದಿನಂತೆ ಮುಂದಕ್ಕೆ ನಡೆದೆ. ಇನ್ನೊಮ್ಮೆ ತೆಗೆಯಲು ಗಂಟನ್ನು ಹೊರಗೆ ತರಬೇಕಲ್ಲ, ಅಜ್ಜಿ ಒಪ್ಪಲಿಲ್ಲ.

ಚಿಕ್ಕ ಸಭಾಂಗಣದಲ್ಲಿ ಸಿನಿಮಾ ತೋರಿಸಿದರು. ದಿನಾ ಕಿಟಕಿಯಿಂದ ಕೆಳಗೆ ನೋಡಿದ ಮನೆಯನ್ನು ನಾನು ಮೊದಲ ಬಾರಿ ಕತ್ತೆತ್ತಿ ನೋಡಿದೆ. ಶಂಕ್ರವ್ವ ಹೊರಗೆ ಬಂದರು. ಅವರ ಹಿಂದೆ ಚೀಲ ಹಿಡಿದವನೊಬ್ಬ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದ.

"ಅದು ನೀವಲ್ವಾ? ಎಂತ ಅವಸ್ಥೆ!" ಎಂದಳು ಹೆಂಡತಿ.

ಕೊನೆಗೆ ಪ್ರೇಕ್ಷಕರೊಬ್ಬರು ಎದ್ದು, ಹಿಂದಕ್ಕೆ ನಡೆಯುವ ಆ ಮನುಷ್ಯನ ಅರ್ಥವೇನೆಂದು ಕೇಳಿದರು. "ಅದು ನೋಡುವವರಿಗೆ ಬಿಟ್ಟದ್ದು" ಎಂದಳು ಅನಿತಾ, ನನ್ನತ್ತ ನೋಡದೆ.

ಸಿನಿಮಾದಿಂದ ಮನೆ ಉಳಿಯಲಿಲ್ಲ. ಮಗ ಕೂಳೂರಿನ ಕಡೆ ಕೋಣೆಯೊಂದನ್ನು ಹಿಡಿದ. ಟೆಂಪೋ ಬಂದ ದಿನ ನಾನೂ ರೊಟ್ಟಿಯ ಕಾವಲಿ ಹೊತ್ತು ಸಹಾಯಕ್ಕೆ ನಿಂತೆ. ಹೆಂಡತಿ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಎಲ್ಲ ಸಾಮಾನು ಹೊರಬಂದ ಮೇಲೆ ಶಂಕ್ರವ್ವ ಬಂದರು. ಮುಖ ಮನೆಯ ಕಡೆಗೆ, ಬೆನ್ನು ನಮ್ಮ ಕಡೆಗೆ. ಹಿಮ್ಮಡಿಯಿಂದ ಹೊಸ್ತಿಲನ್ನು ತಡವಿ, ಹಿಮ್ಮುಖವಾಗಿಯೇ ಅಂಗಳಕ್ಕೆ ಇಳಿದರು.

"ಎಂತ ಅಜ್ಜಿ ಇದು?" ಎಂದೆ, ಕಾವಲಿ ಹೊತ್ತು ಟೆಂಪೋದತ್ತ ನಡೆಯುತ್ತಲೇ.

"ಉಲ್ಟಾ ಮಾಡಿ ನೋಡ್ರಿ ಸರ. ಒಳಗ ಹೊಂಟೀನಿ."

ಈಗ ಅಲ್ಲಿ ಪಿಲ್ಲರ್‌ಗಳು ಎದ್ದಿವೆ. ನಾನು ಆಗಾಗ ವಿಡಿಯೋವನ್ನು ಉಲ್ಟಾ ಓಡಿಸುತ್ತೇನೆ. ಶಂಕ್ರವ್ವ ನೆಟ್ಟಗೆ ಮುಂದಕ್ಕೆ ನಡೆದು, ಹೊಸ್ತಿಲು ದಾಟಿ, ತಮ್ಮ ಮನೆಯೊಳಗೆ ಹೋಗುತ್ತಾರೆ. ಪಕ್ಕದಲ್ಲಿ ಕಾವಲಿ ಹೊತ್ತವನೊಬ್ಬ ಮಾತ್ರ, ಈ ಸಲವೂ, ಹಿಂದಕ್ಕೇ ನಡೆಯುತ್ತಿದ್ದಾನೆ.