ಬೆಂಕಿ ಮುಟ್ಟದ ಊಟ

ನಮ್ಮ ಮನೆತನದವರಿಗೆ ನಗು ಬರುವುದು ನಗಬಾರದ ಹೊತ್ತಿನಲ್ಲಿಯೇ. ಅಪ್ಪ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬ ಭಾಳ ಎತ್ತರ, ಇನ್ನೊಬ್ಬ ಗಿಡ್ಡ. ದಾರಿಯುದ್ದಕ್ಕೂ ಅವರಿಬ್ಬರ ಜಗಳ ಬಿಡಿಸುವುದರಲ್ಲಿ ನಮಗೆ ಅಳುವುದಕ್ಕೆ ಪುರಸೊತ್ತೇ ಸಿಗಲಿಲ್ಲ. ಅಣ್ಣನ ಸಂಗತಿಯೂ ಅದೇ ಜಾತಿಯದು.

ಅಣ್ಣ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವವ. ನಾನು ಅದೇ ಮಿಲ್ಲಿನ ಕಟ್ಟಿಗೆ ಯಾರ್ಡಿನಲ್ಲಿ. ಅಪ್ಪ ಧಾರವಾಡ ಕಡೆಯ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬರುವಾಗ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಇವನ್ನೂ ಕಟ್ಟಿಕೊಂಡೇ ಬಂದಿದ್ದ. ಅದನ್ನೇ ತಿಂದು ಬೆಳೆದವರು ನಾವು.

ಹೋದ ವರ್ಷ ಅಣ್ಣನಿಗೆ ಎದೆ ಹಿಡಿಯಿತು. ಹುಬ್ಬಳ್ಳಿಯ ಡಾಕ್ಟರು ಎಲ್ಲ ನೋಡಿ, ಹೃದಯ ಸೋತುಬಿಟ್ಟಿದೆ, ಆಪರೇಷನ್ ತಡೆಯುವ ಹಾಗಿಲ್ಲ ಅಂದರು. ಗುಳಿಗೆ ತಪ್ಪಿಸಬೇಡಿ, ಎಣ್ಣೆ ಉಪ್ಪು ಕಡಿಮೆ ಮಾಡಿ, ಮೇಲೆ ದೇವರಿದ್ದಾನೆ ಅಂದರು. ಡಾಕ್ಟರ ಬಾಯಲ್ಲಿ ದೇವರು ಬಂದರೆ ಏನರ್ಥ ಅನ್ನುವುದು ನಮಗೂ ತಿಳಿಯುತ್ತದೆ. ಅಣ್ಣ ಉಳಿಯಬೇಕು, ಅದೊಂದೇ ವಿಚಾರ ಅವತ್ತಿನಿಂದ ಮನೆಯಲ್ಲಿ.

ಎಣ್ಣೆ ಕಡಿಮೆ ಮಾಡು ಅಂದರೆ ಅಣ್ಣ ಬೆಂಕಿಯನ್ನೇ ಬಿಟ್ಟ. ಮೊಬೈಲಿನಲ್ಲಿ ಯಾರೋ ಒಬ್ಬ ಸಣಕಲು ಮನುಷ್ಯ ಹೇಳಿದನಂತೆ, ಬೇಯಿಸಿದ್ದೆಲ್ಲ ಸತ್ತ ಅನ್ನ, ಹಣ್ಣು ಮತ್ತು ಹಸಿ ಸೊಪ್ಪು ಮಾತ್ರ ಜೀವದ ಅನ್ನ ಅಂತ. ಜಿಡ್ಡಿನ ಪದಾರ್ಥವೂ ಇಲ್ಲ. ಶೇಂಗಾ ಇಲ್ಲ, ಕೊಬ್ಬರಿ ಇಲ್ಲ. ಹುಟ್ಟಿದಾಗಿನಿಂದ ಚಟ್ನಿಗೆ ಎಣ್ಣೆ ಸುರಿದುಕೊಂಡವ, ನೌಕರಿಯುದ್ದಕ್ಕೂ ಬಾಯ್ಲರಿನ ಬೆಂಕಿ ಮುಂದೆ ನಿಂತವ, ಬೆಂಕಿ ಮುಟ್ಟಿದ್ದು ನನಗೆ ಬೇಡ ಅಂದುಬಿಟ್ಟ.

ಅಣ್ಣನಿಗೆ ಜೊತೆಯಾಗಲಿ ಅಂತ ನಾನೂ ಶುರು ಮಾಡಿದೆ. ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ ಭಜಿ ಕರಿಯುವ ವಾಸನೆ ಬಂದ ದಿನವೇ ನನ್ನ ವೈರಾಗ್ಯ ಮುಗಿಯಿತು. ಅಣ್ಣನ ಹೆಂಡತಿ, ನಮ್ಮ ವೈನಿ, ಮಾತ್ರ ಬಿಡಲಿಲ್ಲ. ಮಗಳನ್ನು ಹಳಿಯಾಳಕ್ಕೆ ಕೊಟ್ಟಿದ್ದರಿಂದ ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ. "ಅವರು ಹಣ್ಣ ತಿನ್ನೂ ಮುಂದ ನಾ ಒಗ್ಗರಣಿ ಹಾಕ್ಕೊಂಡು ಹೆಂಗ ಉಣ್ಲಿ ತಮ್ಮಾ?" ಅಂದು ಆಕೆಯೂ ಗ್ಯಾಸ್ ಬಂದ್ ಮಾಡಿದಳು.

ಸಾರು ಹೆಚ್ಚಾದ ದಿನ

ನಮ್ಮ ಕಡೆ ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಆಜೂಬಾಜೂದವರು ಅನ್ನ ಸಾರು ತಂದು ಉಣಿಸಬೇಕು. ಯಾರೂ ಯಾರಿಗೂ ಹೇಳಿ ಕಳಿಸುವ ಪದ್ಧತಿಯಿಲ್ಲ. ಮಿಲ್ಲಿನವರು ಕಟ್ಟಿಸಿಕೊಟ್ಟ ಲೈನಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಯಾರ ಮನೆಯ ಕುಕ್ಕರ್ ಕೂಗಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ.

ಅಣ್ಣನ ಮನೆಯ ಕುಕ್ಕರ್ ಕೂಗದೆ ಎರಡು ದಿನ ಆಗಿತ್ತು. ಅವನ ಎದೆಯ ಸುದ್ದಿ ಲೈನಿಗೆಲ್ಲ ಗೊತ್ತಿದ್ದದ್ದೇ. ನಳದ ಹತ್ತಿರ ಬಾಜೂ ಮನೆಯಾಕೆ ಮೆಲ್ಲಗೆ, ಯಾಕೆ ಒಲೆ ಹಚ್ಚಿಲ್ಲ ಅಂತ ಕೇಳಿದಳು. "ಇನ್ನ ನಮ್ಮ ಮನ್ಯಾಗ ಒಲಿ ಹಚ್ಚೂದಿಲ್ಲರಿ," ಅಂದು ವೈನಿ ಕಣ್ಣು ಒರೆಸಿಕೊಂಡಳು. ಎರಡು ದಿನ ಬರೀ ಪಪ್ಪಾಯಿ ತಿಂದವರ ಕಣ್ಣಲ್ಲಿ ನೀರು ಬರದೆ ಇನ್ನೇನು ಬರುತ್ತದೆ?

ಸ್ವಲ್ಪ ಹೊತ್ತಿಗೆ ಐದು ಮನೆಯ ಹೆಂಗಸರು ತಲೆಮೇಲೆ ಸೆರಗು ಎಳೆದುಕೊಂಡು, ಅನ್ನ ಸಾರಿನ ಪಾತ್ರೆ ಹಿಡಿದು ಬಂದು ಪಡಸಾಲೆಯಲ್ಲಿ ಕುಳಿತರು. ಒಬ್ಬಾಕೆ ಅಳುವುದಕ್ಕೆ ಶುರು ಮಾಡಿಯೂ ಬಿಟ್ಟಿದ್ದಳು. ಅಷ್ಟರಲ್ಲಿ ಬಚ್ಚಲಿನಿಂದ ಅಣ್ಣ ಟವೆಲ್ ಸುತ್ತಿಕೊಂಡು ಹೊರಗೆ ಬಂದು, ಇವರನ್ನೆಲ್ಲ ನೋಡಿ ಗಾಬರಿಯಾಗಿ ಕೇಳಿದ.

"ಯಾರ ಹ್ವಾದ್ರು?"

ಅಳುತ್ತಿದ್ದಾಕೆ ಅಷ್ಟಕ್ಕೇ ನಿಲ್ಲಿಸಿದಳು. ಬಾಜೂ ಮನೆಯಾಕೆ ಮಾತ್ರ ಧೈರ್ಯದವಳು. "ಯಾರೂ ಇಲ್ಲರಿ. ಸಾರು ಹೆಚ್ಚಾಗಿತ್ತು," ಅಂದಳು. ಐದು ಮನೆಯಲ್ಲಿ ಒಂದೇ ದಿನ ಸಾರು ಹೆಚ್ಚಾದದ್ದು ನಮ್ಮ ಲೈನಿನಲ್ಲಿ ಅದೇ ಮೊದಲು.

ಮಾಗಿದ್ದು

ಹಣ್ಣು ತಿಂದು ಬದುಕುವುದೆಂದರೆ ಅದೇ ಒಂದು ನೌಕರಿ. ಅಣಶಿ ಕಡೆಯ ಒಬ್ಬ ಗೆಳೆಯ ಬಸ್ಸಿನಲ್ಲಿ ಹಲಸು ಕಳಿಸುತ್ತಿದ್ದ. ಉಳಿದದ್ದಕ್ಕೆ ಅಣ್ಣ ಮಗಳ ಊರು ಹಳಿಯಾಳಕ್ಕೆ ಹೋಗಿ ಚೀಲಗಟ್ಟಲೆ ತರುತ್ತಿದ್ದ. ನಾನು ಚೀಲ ಹೊರುವವ. ಒಂದು ದಿನ ಸಂತೆಯಲ್ಲಿ ಹಣ್ಣಿನವ ನಮ್ಮ ಖರೀದಿ ನೋಡಿ, ಮನೆಯಲ್ಲಿ ಆನೆ ಕಟ್ಟಿದ್ದೀರೇನು ಅಂತ ಚೇಷ್ಟೆ ಮಾಡಿದ.

ಅಣ್ಣನೂ ಬಿಡಲಿಲ್ಲ. "ಹೂಂ, ಒಂದು ಮುದಿ ಆನಿ ಐತಿ. ಭಾಳ ದಿನ ಉಳಿಯೂದಿಲ್ಲ ಅಂದಾರ ಡಾಕ್ಟರು."

ಹಣ್ಣಿನವ ತಲೆ ಅಲ್ಲಾಡಿಸಿದ. ನಾಲ್ಕು ದಿನ ಬಿಟ್ಟು ಹಣ್ಣಾಗಲಿ ಅಂತ ಅಣ್ಣ ಆರಿಸಿಟ್ಟಿದ್ದ ದೋರೆ ಪಪ್ಪಾಯಿಗಳನ್ನು ಚೀಲದಿಂದ ಹೊರಗೆ ತೆಗೆದ.

"ಹಂಗಾರ ಮಾಗಿದ್ದ ಒಯ್ಯಿರಿ. ಇವು ಹಣ್ಣಾಗೂತನಾ ಯಾಕ ದಾರಿ ನೋಡ್ತೀರಿ?"

ಅಣ್ಣ ಬಸ್ಸಿನಲ್ಲಿ ದಾಂಡೇಲಿ ಬರುವವರೆಗೂ ನಕ್ಕ. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಪಾಳಾದ ಅಳಿಯ

ವೈನಿಯ ತವರು ಮುಂಡಗೋಡ ತಾಲೂಕಿನ ಪಾಳಾ. ಬೇಸಿಗೆಯಲ್ಲಿ ಅಲ್ಲಿ ಮಾವಿನ ಹಣ್ಣಿಗೆ ಬರವಿಲ್ಲ ಅಂತ ಅಣ್ಣ ಖುಷಿಯಿಂದ ಹೊರಟ. ಅಳಿಯ ಬಂದನೆಂದು ಅತ್ತೆ ಹೋಳಿಗೆಗೆ ಹೂರಣ ಕುದಿಸುತ್ತಿದ್ದಳು. ನನಗೆ ಹಣ್ಣಷ್ಟೇ ಸಾಕು ಅಂದ ಅಣ್ಣ. ಮುದುಕಿ ಒಲೆ ಆರಿಸಿ ಹಿತ್ತಿಲಿಗೆ ಹೋಗಿ ಕುಳಿತುಬಿಟ್ಟಳು.

ಅಣ್ಣ ಕಟ್ಟೆಯ ಮೇಲೆ ಕುಳಿತು ಹಣ್ಣು ಕೊಯ್ದುಕೊಂಡು ತಿನ್ನುತ್ತಿದ್ದುದನ್ನು ಊರು ನೋಡಿತು. ಹಳ್ಳಿಯಲ್ಲಿ ತಟ್ಟೆ ತುಂಬ ಹಣ್ಣು ಇರುವುದು ದೇವರ ಮುಂದೆ, ಇಲ್ಲವೇ ಹಾಸಿಗೆ ಹಿಡಿದವರ ತಲೆದೆಸೆಗೆ. ಅಣ್ಣನನ್ನು ನೋಡಿದರೆ ದೇವರ ಹಾಗೆ ಕಾಣುತ್ತಿರಲಿಲ್ಲ. ಗಲ್ಲ ಒಳಗೆ ಹೋಗಿತ್ತು, ಅಂಗಿ ಜೋತು ಬಿದ್ದಿತ್ತು. ಸಂಜೆಯ ಹೊತ್ತಿಗೆ ಒಬ್ಬೊಬ್ಬರೇ ರೋಗಿಯನ್ನು ನೋಡುವುದಕ್ಕೆ ಬಂದರು. ಬರಿಗೈಲಿ ಬರಬಾರದೆಂದು ಎಲ್ಲರೂ ಬಾಳೆಹಣ್ಣು, ಮೋಸಂಬಿ ತಂದಿದ್ದರು. ಅಣ್ಣನಿಗೆ ಅನುಕೂಲವೇ ಆಯಿತು.

ವೈನಿಯ ಸೋದರಮಾವ ಎಲ್ಲರಿಗಿಂತ ಹಿರಿಯ. ಅಣ್ಣನ ಕೈ ಹಿಡಿದುಕೊಂಡು, ಡಾಕ್ಟರು ಕೈ ಚೆಲ್ಲಿದರೇನು ಅಂತ ನೇರವಾಗಿ ಕೇಳಿದ. ಅಣ್ಣ ನಕ್ಕು, ಹಾಗೇನಿಲ್ಲ, ನಾನು ಆರಾಮ ಇದ್ದೇನೆ ಅಂದ. ಮುದುಕ ಅವನ ಬೆನ್ನು ಸವರಿದ.

"ಹಂಗ ಅನಬೇಕು. ನಮ್ಮ ಅಣ್ಣಾನೂ ಕಡೀತನಾ ಹಂಗ ಅಂತಿದ್ದ."

ಎತ್ತಿನ ಗುಳಿಗೆ

ಇಷ್ಟರ ನಡುವೆ ಅಣ್ಣ ಗುಳಿಗೆಯನ್ನೂ ಬಿಟ್ಟ. ಅವೂ ಫ್ಯಾಕ್ಟರಿಯಲ್ಲಿ ಶಾಖ ತಗುಲಿ ಬಂದವೇ, ಅಂದಮೇಲೆ ಬೇಯಿಸಿದ್ದರ ಲೆಕ್ಕ ಅಂತ ಅವನ ವಾದ. ನಾನು ಬೈದೆ. ಮಗಳು ಹಳಿಯಾಳದಿಂದ ಬಂದು ಅತ್ತಳು. ವೈನಿ ಮೊದಮೊದಲು ಕಾಲು ಹಿಡಿದಳು, ಆಮೇಲೆ ಸುಮ್ಮನಾದಳು. ಆಕೆ ಸೋತಳು ಅಂತ ನಾನು ತಿಳಿದೆ. ನನಗೆ ಆಗ ಅಣ್ಣನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಿಲ್ಲಿನಲ್ಲಿ ನಮ್ಮದು ಒಂದು ಪದ್ಧತಿ. ಊಟದ ಹೊತ್ತಿಗೆ ಯಾರೂ ತಮ್ಮ ಡಬ್ಬಿ ತಾವು ಉಣ್ಣುವುದಿಲ್ಲ. ಎಲ್ಲ ಡಬ್ಬಿ ಬಿಚ್ಚಿ ನಡುವೆ ಇಡುವುದು, ಯಾರ ಕೈಗೆ ಯಾವುದು ಬಂತೋ ಅದು. ಅಣ್ಣ ಹಣ್ಣು ಹಿಡಿದ ಮೇಲೆ ನಾವಿಬ್ಬರೂ ಬಾಯ್ಲರಿನ ಹಿಂದೆ ಬೇರೆ ಕುಳಿತುಕೊಳ್ಳುತ್ತಿದ್ದೆವು. ಒಂದು ದಿನ ಅವನು ನನ್ನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯನ್ನು ಸುಮ್ಮನೆ ಮೂಸಿ ನೋಡಿದ. ಮರುದಿನ ಒಂದು ತುತ್ತು ಮುರಿದ. ಆಮೇಲೆ ದಿನಾ ಒಂದು ರೊಟ್ಟಿ ಅವನಿಗೆ, ಅವನ ಬಾಳೆಹಣ್ಣು ನನಗೆ ಅಂತಾಯಿತು. ವೈನಿಗೆ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡ. ಅವನ ಬಾಯಿಗೆ ಒಂದಿಷ್ಟು ರುಚಿ ಸಿಗಲಿ ಅಂತ ನಾನೂ ಒಪ್ಪಿದೆ.

ಕೆಲವು ದಿನಕ್ಕೆ ನನಗೆ ತಲೆ ತಿರುಗುವುದಕ್ಕೆ ಶುರುವಾಯಿತು. ಯಾರ್ಡಿನಲ್ಲಿ ಕಟ್ಟಿಗೆಯ ರಾಶಿಗೆ ಆತು ಕುಳಿತುಬಿಟ್ಟೆ. ದವಾಖಾನೆಯ ನರ್ಸಮ್ಮ ಬಿ.ಪಿ. ನೋಡಿ ಬೆಚ್ಚಿಬಿದ್ದಳು. ಅಷ್ಟು ಇಳಿದಿತ್ತು. ಏನು ಗುಳಿಗೆ ತಗೋತೀರಿ ಅಂತ ಕೇಳಿದಳು. ನಾನು ಹುಟ್ಟಿದಾಗಿನಿಂದ ಗುಳಿಗೆ ಮುಟ್ಟಿದವನಲ್ಲ ಅಂದೆ. ಹೊಟ್ಟೆ ಖಾಲಿ ಇರಬೇಕು, ಏನಾದರೂ ತಿನ್ನಿ ಅಂದಳು. ಕಿಸೆಯಲ್ಲಿ ಅವತ್ತಿನ ಬಾಳೆಹಣ್ಣು ಇತ್ತು. ಅಲ್ಲೇ ಸುಲಿದು ಕಚ್ಚಿದೆ. ಹಲ್ಲಿಗೆ ಟಕ್ ಅಂತ ಏನೋ ಸಿಕ್ಕಿತು.

ಸಂಜೆ ಮೂವರೂ ಅಣ್ಣನ ಪಡಸಾಲೆಯಲ್ಲಿ ಕುಳಿತೆವು. ಅರ್ಧ ಕಚ್ಚಿದ ಹಣ್ಣು ನಡುವೆ ಇತ್ತು. ಅದರೊಳಗೆ ಗುಳಿಗೆ ಇಟ್ಟವಳು ತಾನೇ ಅಂತ ವೈನಿ ಒಪ್ಪಿಕೊಂಡಳು. ಆದರೆ ಅದು ಗಂಡನ ಹೊಟ್ಟೆಗೆ ಹೋಗದೆ ನನ್ನ ಹೊಟ್ಟೆಗೆ ಹೇಗೆ ಹೋಯಿತು ಅಂತ ಕೇಳಿದಳು. ಅಣ್ಣ ನನ್ನ ಮುಖ ನೋಡಿದ. ರೊಟ್ಟಿಯ ಹೆಸರು ನಾನು ಎತ್ತಲಿಲ್ಲ. "ತಮ್ಮಗ ಹಸಿವಾಗಿತ್ತು, ಕೊಟ್ಟೆ," ಅಂದ ಅಣ್ಣ.

ವೈನಿ ಆ ಅರ್ಧ ಹಣ್ಣನ್ನು ಎತ್ತಿ ತಿರುಗಿಸಿ ನೋಡಿದಳು. ಆಮೇಲೆ ಅಂದಳು, "ನನ್ನ ತವರಾಗ ಎತ್ತು ಗುಳಿಗಿ ಉಗುಳಿದ್ರ ಹಿಂಗ ಬಾಳಿಹಣ್ಣಾಗ ಇಟ್ಟ ತಿನ್ನಸ್ತಿದ್ರು. ಆ ಎತ್ತು ಒಂದಿನಾನೂ ತಮ್ಮಗ ಕೊಡಲಿಲ್ಲ."

ಅವತ್ತಿನಿಂದ ಅಣ್ಣ ಬಾಯಿ ಮುಚ್ಚಿಕೊಂಡು ವೈನಿಯ ಎದುರಿಗೇ ಗುಳಿಗೆ ನುಂಗತೊಡಗಿದ. ಹಣ್ಣು ಬಿಡಲಿಲ್ಲ. ಬಾಯ್ಲರಿನ ಹಿಂದಿನ ರೊಟ್ಟಿಯನ್ನೂ ಬಿಡಲಿಲ್ಲ.

ಬುತ್ತಿ

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಅಣ್ಣ ಬಾಗಿಲ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಮೋಸಂಬಿ ಸುಲಿಯುತ್ತಿದ್ದ. ವೈನಿ ಒಳಗಿಂದ ಏನೋ ಕೇಳಿದಳು. ಅವನು ಉತ್ತರ ಕೊಡಲಿಲ್ಲ. ಬಂದು ನೋಡಿದರೆ ಸುಲಿದ ಹಣ್ಣು ಕೈಯಲ್ಲೇ ಇತ್ತು. ಹಣ್ಣು ತಿಂದದ್ದಕ್ಕೆ ಹೋಗಲಿಲ್ಲ, ಹೃದಯ ತಡೆದದ್ದೇ ಇಷ್ಟು ದಿನ ಅಂದರು ಡಾಕ್ಟರು. ಇರಬಹುದು. ನನಗೆ ಅವನು ಇನ್ನಷ್ಟು ದಿನ ಬೇಕಾಗಿದ್ದ.

ಮಣ್ಣು ಮಾಡಿ, ಹೊಳೆಯಲ್ಲಿ ಮುಳುಗೆದ್ದು ಬರುವಾಗ ಹೊತ್ತು ಇಳಿದಿತ್ತು. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಇರಲಿಲ್ಲ. ಈ ಸಲ ಮನೆಯ ಒಲೆ ಖರೇನೇ ಹಚ್ಚುವ ಹಾಗಿರಲಿಲ್ಲ. ಲೈನಿನ ಹೆಂಗಸರು ಸೆರಗು ಎಳೆದುಕೊಂಡು, ಪಾತ್ರೆ ಬುಟ್ಟಿ ಹಿಡಿದು ಬಂದರು. ಅನ್ನದ ಘಮ ಈಗ ಬಂತು, ಆಗ ಬಂತು ಅಂತ ನನ್ನ ಮೂಗು ಕಾದೇ ಇತ್ತು. ದುಃಖದಲ್ಲಿ ಹೊಟ್ಟೆಗೆ ಮರ್ಯಾದೆ ಇರುವುದಿಲ್ಲ.

ಬಾಜೂ ಮನೆಯಾಕೆ ಮೊದಲ ಪಾತ್ರೆ ಬಿಚ್ಚಿದಳು. ಪಪ್ಪಾಯಿ ಹೋಳು. ಎರಡನೆಯಾಕೆ ತಂದದ್ದು ಬಾಳೆಹಣ್ಣು. ಮೂರನೆಯಾಕೆ ದಾಳಿಂಬೆ ಬಿಡಿಸಿ ತಂದಿದ್ದಳು. ಉಳಿದಿಬ್ಬರದು ಕಲ್ಲಂಗಡಿ. ಮೊದಲ ಸಲ ಸಾರು ತಂದು ಮುಖಭಂಗವಾದದ್ದು ಅವರಿಗೆ ನೆನಪಿತ್ತು. ಈ ಮನೆಯ ನೇಮ ಮುರಿಯಬಾರದೆಂದು, ಸತ್ತವನಿಗೆ ಮರ್ಯಾದೆ ಅಂತ, ಐದೂ ಮನೆಯವರು ಮಾತಾಡಿಕೊಂಡು ಬಂದಿದ್ದರು. "ಯಾವುದಕ್ಕೂ ಬೆಂಕಿ ತೋರ್ಸಿಲ್ಲರಿ," ಅಂದಳು ಬಾಜೂ ಮನೆಯಾಕೆ ಕಣ್ಣೀರಿನಲ್ಲಿ.

ವೈನಿ ಬೆಳಗಿನಿಂದ ಅತ್ತಿರಲಿಲ್ಲ. ಹಣ್ಣಿನ ರಾಶಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಅವರಂತೂ ಹ್ವಾದ್ರು. ಇನ್ನರ ನನಗ ಒಂದು ರೊಟ್ಟಿ ಕೊಡ್ರಿ ಯಾರರ."

ಹೆಂಗಸರು ಬುಟ್ಟಿ ಅಲ್ಲೇ ಬಿಟ್ಟು ಎದ್ದು ಓಡಿದರು. ಅತ್ತಿತ್ತಲಿನ ಮನೆಗಳಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಬಂತು. ನನ್ನ ಹೆಂಡತಿ ಬಾಜೂ ಮನೆಯಿಂದ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಎಣ್ಣೆ ಹಾಕಿಕೊಂಡು ತಂದಳು. ಮೊದಲ ತುತ್ತಿಗೆ ವೈನಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಉಂಡಳು. ಪಾಪ, ಒಂದು ತುತ್ತು ರೊಟ್ಟಿ ಕಾಣದೆ ಜೀವ ಹಿಡಿದ ಮನುಷ್ಯ, ಇದರ ರುಚಿ ಮರೆತೇ ಹೋದರು ಅಂತ ಅತ್ತಳು.

ನನಗೆ ಇನ್ನು ತಡೆಯಲಾಗಲಿಲ್ಲ. ಆಣೆ ಹಾಕಿಸಿಕೊಂಡವನೇ ಹೋದ ಮೇಲೆ ಯಾವ ಆಣೆ?

"ಮರತಿದ್ದಿಲ್ಲರಿ ವೈನಿ. ಮಿಲ್ಲಿನಾಗ ನನ್ನ ಡಬ್ಬ್ಯಾಂದು ತಿಂತಿದ್ದ."

ವೈನಿಯ ಕೈ ಬಾಯಿಯ ಹತ್ತಿರವೇ ನಿಂತಿತು. "ಖರೇ ಹೇಳು. ಯಾವಾಗರ ಒಮ್ಮೆ?"

"ದಿನಾ ಒಂದು. ಚಟ್ನಿಗೆ ಎಣ್ಣಿ ಹಾಕ್ಕೊಂಡು."

ಆಕೆ ನನ್ನನ್ನು ನೋಡಿದಳು, ಗೋಡೆಗೆ ಆನಿಸಿಟ್ಟಿದ್ದ ಅಣ್ಣನ ಫೋಟೋ ನೋಡಿದಳು, ಐದು ಮನೆಯ ಹಣ್ಣು ನೋಡಿದಳು. ಕೈಯಲ್ಲಿದ್ದ ತುತ್ತು ಬಾಯಿಗೆ ಹಾಕಿಕೊಂಡು ನುಂಗಿದಳು.

"ಅಂದ್ರ ಇಷ್ಟು ದಿನಾ ಈ ಮನ್ಯಾಗ ಬರೇ ಹಣ್ಣ ತಿಂದಾಕಿ ನಾ ಒಬ್ಬಾಕಿನ?"

ನಾನು ತಲೆ ತಗ್ಗಿಸಿದೆ. ಸಾವಿನ ಮನೆಯ ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದರು. ನೋಡಿದರೆ ವೈನಿಯೇ. ಕಣ್ಣಿಂದ ನೀರು ಇಳಿಯುತ್ತಿತ್ತು, ಹೆಗಲು ಕುಲುಕುತ್ತಿದ್ದವು. ತಟ್ಟೆಯನ್ನು ನನ್ನ ಹೆಂಡತಿಯ ಕಡೆಗೆ ದೂಡಿದಳು.

"ಇನ್ನೆರಡು ಹಾಕವ್ವಾ. ಎಣ್ಣಿ ಜಾಸ್ತಿ ಬಿಡು. ಅವರು ನೋಡ್ಲಿ."